ಪೆಟ್ರೋಲ್ ಅಂದದ್ದೇ ತಪ್ಪಾಯ್ತು

ಕಾರಿನಲ್ಲಿ ಪೆಟ್ರೋಲ್ ವಾಸನೆ ಬರ್ತಿದೆ ಅಂತ ನಾನು ಹೇಳಿದ್ದು ಒಂದು ಸಲ ಅಲ್ಲ, ಎರಡು ಸಲ ಅಲ್ಲ. ಗಂಡನಿಗೆ ಹೇಳಿದೆ, ಡಾಕ್ಟರಿಗೆ ಹೇಳಿದೆ, ಕಾರಿನ ಸರ್ವೀಸಿನವನಿಗೆ ಹೇಳಿದೆ, ಆಫೀಸಿನಲ್ಲಿ ಪಕ್ಕದಲ್ಲಿ ಕೂರ್ತಿದ್ದವಳಿಗೂ ಹೇಳಿದೆ. ಎಲ್ಲರೂ ಮೊದಲು ನನ್ನ ಹೊಟ್ಟೆ ನೋಡೋರು, ಆಮೇಲೆ ಮುಖ ನೋಡೋರು, ಆಮೇಲೆ ಒಂದು ನಗು ನಕ್ಕು ಸುಮ್ಮನಾಗೋರು. ಐದು ತಿಂಗಳ ಬಸುರಿಯ ಮಾತಿಗೆ ಈ ಲೋಕದಲ್ಲಿ ಎಷ್ಟು ಕಿಮ್ಮತ್ತು ಅಂತ ನನಗೆ ಗೊತ್ತಾದದ್ದು ಆಗಲೇ.

ಡಾಟ್ ಕಾಮ್ ಗುಳ್ಳೆ ಒಡೆದು, ಅಮೆರಿಕದ ಬೇ ಏರಿಯಾದಲ್ಲಿ ದಿನ ಬೆಳಗಾದರೆ ಯಾವುದೋ ಒಂದು ಕಂಪನಿ ಬಾಗಿಲು ಹಾಕ್ತಿದ್ದ ಕಾಲ ಅದು. ನಾವು ಡ್ಯಾನ್‌ವಿಲ್‌ನಲ್ಲಿ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿದ್ದೆವು. ನಾನು ಮಂಡ್ಯದವಳು, ನಮ್ಮ ಯಜಮಾನರು ಹಾಸನದವರು, ಇಬ್ಬರೂ ಕಂಪ್ಯೂಟರ್ ಕೆಲಸದವರೇ. ಇವರಿದ್ದ ಕಂಪನಿ ಕಿಟಕಿ ಪರದೆಗಳನ್ನ ಆನ್‌ಲೈನಲ್ಲಿ ಮಾರ್ತೀವಿ ಅಂತ ಹೊರಟಿತ್ತು. ಪರದೆ ಬಟ್ಟೆ ಮುಟ್ಟಿ ನೋಡದೆ ಯಾರಾದರೂ ತಗೋತಾರೇನ್ರೀ ಅಂತ ನಾನು ಆಗಲೇ ಕೇಳಿದ್ದೆ. ನಿನಗೆ ಬಿಸಿನೆಸ್ಸು ಅರ್ಥ ಆಗಲ್ಲ ಅಂದಿದ್ದರು. ಒಂದು ಸೋಮವಾರ ಇವರು ಆಫೀಸಿಗೆ ಹೋದರೆ ಬಾಗಿಲಿಗೆ ಬೀಗ, ಬೀಗದ ಪಕ್ಕ ಒಂದು ಚೀಟಿ.

ಅವತ್ತಿಂದ ಇವರ ವೀಸಾ ನನ್ನ ವೀಸಾಕ್ಕೆ ಜೋತುಬಿತ್ತು. ಹೆರಿಗೆಯ ಇನ್ಶೂರೆನ್ಸೂ ನನ್ನ ಕೆಲಸದಿಂದಲೇ ಬರಬೇಕಾದದ್ದು. ನನ್ನ ಕೆಲಸ ಹೋಯ್ತು ಅಂದರೆ ಇನ್ಶೂರೆನ್ಸ್ ಇಲ್ಲ, ವೀಸಾ ಇಲ್ಲ, ಹೊಟ್ಟೆ ಹೊತ್ತುಕೊಂಡು ವಿಮಾನ ಹತ್ತೋದೊಂದೇ ಬಾಕಿ. ಹಾಗಾಗಿ ಮಗು ಹುಟ್ಟೋವರೆಗೆ ನಾನು ಒಂದು ದಿನವೂ ತಪ್ಪಿಸದೆ ಆಫೀಸಿಗೆ ಹೋಗಲೇಬೇಕು ಅನ್ನೋದು ನಮ್ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಆದರೆ ಇಬ್ಬರಿಗೂ ಗೊತ್ತಿದ್ದ ವಿಷಯ.

ಆಫೀಸು ಇದ್ದದ್ದು ಸ್ಯಾನ್ ಮಟಿಯೋದಲ್ಲಿ, ಅಂದರೆ ಕೊಲ್ಲಿಯ ಆಚೆ ದಡದಲ್ಲಿ. ಮೂರು ಫ್ರೀವೇ ಬದಲಾಯಿಸಿ, ನೀರಿನ ಮೇಲಿನ ಆ ಉದ್ದದ ಸೇತುವೆ ದಾಟಿ ಹೋಗಬೇಕು. ಬಸ್ಸು, ರೈಲು, ಮತ್ತೆ ಇನ್ನೊಂದು ರೈಲು ಅಂತ ಒಂದು ದಿನ ಪ್ರಯತ್ನ ಮಾಡಿದೆ. ಆಫೀಸು ಮುಟ್ಟೋ ಹೊತ್ತಿಗೆ ಊಟದ ಸಮಯ ಆಗಿತ್ತು, ಕಾಲು ಎರಡೂ ಊದಿಕೊಂಡು ಚಪ್ಪಲಿ ಒಳಗೆ ಹೋಗಲ್ಲ ಅಂತಿದ್ದವು. ನಮ್ಮ ಹತ್ತಿರ ಇದ್ದದ್ದು ಒಂದೇ ಕಾರು, ಸೆಕೆಂಡ್ ಹ್ಯಾಂಡಿನ ಹಸಿರು ಕಾರು. ಅದರಲ್ಲೇ ನಾನು, ನನ್ನ ಹೊಟ್ಟೆ, ದಿನಾ ಹೋಗಿ ದಿನಾ ಬರ್ತಿದ್ದೆವು.

ಆ ವಸಂತದಲ್ಲೇ ವಾಸನೆ ಶುರುವಾದದ್ದು. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಗಮ್ಮಂತ ಮುಖಕ್ಕೆ ಹೊಡೀತು. ಪೆಟ್ರೋಲ್ ಬಂಕಿನಲ್ಲಿ ಸ್ಕೂಟರಿನ ಟ್ಯಾಂಕಿಗೆ ತುಂಬಿಸುವಾಗ ಬರತ್ತಲ್ಲ, ಅದೇ ವಾಸನೆ. ಕಿಟಕಿ ಇಳಿಸಿಕೊಂಡು ಸೇತುವೆ ದಾಟಿದೆ, ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಹೂವಿನ ಗಿಡಗಳ ಮೇಲೆ ವಾಂತಿ ಮಾಡಿಕೊಂಡೆ. ಸಂಜೆ ಬಂದು ಇವರಿಗೆ ಹೇಳಿದೆ. ಇವರು ಕೆಳಗಿಳಿದು ಬಂದು, ಕಾರಿನೊಳಗೆ ತಲೆ ಹಾಕಿ, ಒಂದು ನಿಮಿಷ ಹಾಗೇ ನಿಂತರು.

"ನಂಗೇನೂ ಬರ್ತಿಲ್ವಲ್ಲೇ."

"ಇಷ್ಟು ಜೋರಾಗಿ ಹೊಡೀತಿದೆ, ಬರ್ತಿಲ್ವಾ?"

"ಈ ಸೀಸನ್ನಲ್ಲಿ ನನ್ನ ಮೂಗು ಕಟ್ಟಿರತ್ತಲ್ಲ. ಆದ್ರೂ ಅಷ್ಟಿದ್ರೆ ಗೊತ್ತಾಗ್ತಿತ್ತು. ಬಸುರಿ ಮೂಗು ಕಣೇ ಇದು. ಮೊನ್ನೆ ಒಗ್ಗರಣೆ ವಾಸನೆಗೂ ಹೀಗೇ ಆಡಿದ್ಯಲ್ಲ."

ಒಗ್ಗರಣೆಗೂ ಪೆಟ್ರೋಲಿಗೂ ವ್ಯತ್ಯಾಸ ಗೊತ್ತಾಗದಷ್ಟು ಮಂಕಾಗಿದ್ದೀನಾ ನಾನು ಅಂತ ಉರಿದುಬಿದ್ದೆ. ಆದರೆ ಡಾಕ್ಟರೂ ಅದನ್ನೇ ಹೇಳಿದರು, ಆಫೀಸಿನವಳೂ ಅದನ್ನೇ ಹೇಳಿದಳು. ಎಲ್ಲರೂ ಒಂದೇ ಹೇಳಿದಾಗ ಮನುಷ್ಯರಿಗೆ ತಮ್ಮ ಮೇಲೇ ಅನುಮಾನ ಬರತ್ತೆ ನೋಡಿ. ಒಂದೆರಡು ವಾರ ನಾನು ಸೆರಗಿಲ್ಲದ ದೇಶದಲ್ಲಿ ದುಪಟ್ಟಾ ಒಂದನ್ನ ಮೂಗಿಗೆ ಕಟ್ಟಿಕೊಂಡು, ಡಕಾಯಿತಳ ಹಾಗೆ ಫ್ರೀವೇನಲ್ಲಿ ಹೋದೆ.

ಆಮೇಲೆ ಬಂತು ಪತ್ರ. ರೀಕಾಲ್ ಪತ್ರ. ರೀಕಾಲ್ ಅಂದರೆ ನಾವು ಮಾರಿದ ಕಾರಿನಲ್ಲಿ ದೋಷ ಇದೆ, ತಗೊಂಡು ಬನ್ನಿ, ಪುಕ್ಕಟೆ ಸರಿ ಮಾಡಿ ಕೊಡ್ತೀವಿ ಅಂತ ಕಂಪನಿಯವರೇ ವಾಪಸ್ ಕರೆಯೋದು. ನಮ್ಮ ಕಾರಿನ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗದಲ್ಲಿ ಪಂಪು ಕೂರುವ ಜಾಗದ ಸೀಲು ಬಿರುಕು ಬಿಡಬಹುದಂತೆ. ಪೆಟ್ರೋಲು ಜಿನುಗಬಹುದಂತೆ. ಕಿಡಿ ತಾಗಿದರೆ ಬೆಂಕಿ ಹತ್ತಿಕೊಳ್ಳಬಹುದಂತೆ. ಇಷ್ಟನ್ನೂ ಮದುವೆ ಆಮಂತ್ರಣದಷ್ಟು ವಿನಯವಾಗಿ ಬರೆದು, ಕೊನೆಗೆ ಏನಂದಿದ್ದರು ಗೊತ್ತಾ? ಹೊಸ ಪಾರ್ಟು ಇನ್ನೂ ತಯಾರಾಗಿಲ್ಲ, ಬಂದ ಮೇಲೆ ಇನ್ನೊಂದು ಪತ್ರ ಹಾಕ್ತೀವಿ, ಅಲ್ಲಿವರೆಗೆ ದಯವಿಟ್ಟು ಕಾಯಿರಿ. ಬನ್ನಿ ಅಂತ ಕರೆಯೋದೂ ಅವರೇ, ಈಗಲೇ ಬರಬೇಡಿ ಅನ್ನೋದೂ ಅವರೇ!

ಅದರ ಕೆಳಗೆ ಒಂದು ಸಾಲಿತ್ತು, ನನ್ನ ಕಣ್ಣು ಅಲ್ಲೇ ನಿಂತಿತು. ಯಾರ ಕಾರಿನಲ್ಲಿ ಈಗಾಗಲೇ ವಾಸನೆ ಬರ್ತಿದೆಯೋ ಅವರು ಕೂಡಲೇ ಡೀಲರಿಗೆ ತಿಳಿಸಬೇಕು. ಅವರ ಕಾರು ಪರೀಕ್ಷೆ ಮಾಡಿ, ಸೋರಿಕೆ ಇದ್ದರೆ ಪಾರ್ಟು ಬರುವವರೆಗೆ ಓಡಿಸಲು ಬೇರೆ ಕಾರು ಕೊಡ್ತಾರೆ. ಪತ್ರ ಹಿಡಿದುಕೊಂಡು ಅಡುಗೆಮನೆಗೆ ಓಡಿದೆ. ಕೆಲಸ ಹೋದ ಮೇಲೆ ಅಡುಗೆ ಇವರದೇ ಆಗಿತ್ತು.

"ನೋಡ್ರೀ! ನನ್ನ ಮೂಗಿಗೆ ಸರ್ಟಿಫಿಕೇಟು ಬಂದಿದೆ!"

ಇವರು ಕೈ ಒರೆಸಿಕೊಂಡು ಪತ್ರವನ್ನ ಎರಡು ಸಲ ಓದಿದರು. "ಇದು ಆ ಮಾಡೆಲ್ಲಿನ ಎಲ್ಲಾ ಕಾರಿಗೂ ಕಳಿಸಿರೋದು ಕಣೇ. ನಮ್ಮದ್ರಲ್ಲೇ ಇದೆ ಅಂತ ಏನಲ್ಲ. ಆದ್ರೂ ಒಂದು ಫೋನ್ ಮಾಡು" ಅಂದರು. ಅವರ ದನಿಯಲ್ಲಿ ನನ್ನಷ್ಟು ಸಂಭ್ರಮ ಇರಲಿಲ್ಲ. ಸೋತರಲ್ಲ, ಅದಕ್ಕೇ ಮುಖ ಇಳಿದಿದೆ ಅಂದುಕೊಂಡೆ.

ವಾಲ್ನಟ್ ಕ್ರೀಕಿನ ಡೀಲರಿಗೆ ಫೋನ್ ಮಾಡಿದೆ. ಸಂಗೀತ ಕೇಳಿಸಿದರು, ಕೇಳಿಸಿದರು, ಕೇಳಿಸುತ್ತಲೇ ಇದ್ದರು. ಕೊನೆಗೊಬ್ಬ ಗಂಡಸಿನ ದನಿ, ಕಾರಿಗೆ ಏನಾಗಿದೆ ಮ್ಯಾಮ್ ಅಂತು.

ಇಲ್ಲೇ ನಾನು ಎಡವಿದ್ದು. ಅಮೆರಿಕದಲ್ಲಿ ಪೆಟ್ರೋಲಿಗೆ ಗ್ಯಾಸ್ ಅಂತಾರೆ ಅನ್ನೋದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಬಂಕಿನಲ್ಲಿ ಗ್ಯಾಸ್ ಅಂತಲೇ ಹೇಳ್ತಿದ್ದೆ. ಆದರೆ ನಮ್ಮೂರಿನ ಕಡೆ ಗ್ಯಾಸ್ ಅಂದರೆ ಎರಡೇ: ಒಂದು ಅಡುಗೆಯ ಸಿಲಿಂಡರಿನದು, ಇನ್ನೊಂದು ಹೊಟ್ಟೆಯದು. ಆ ತಿಂಗಳು ನನ್ನ ಹೊಟ್ಟೆಯೋ, ಕೇಳಲೇಬೇಡಿ, ಗುಡುಗುಡು ಅಂತಲೇ ಇರ್ತಿತ್ತು. ಮುಖ ನೋಡದ ಗಂಡಸಿನ ಹತ್ತಿರ, ನನ್ನ ಕಾರಿನೊಳಗೆ ಗ್ಯಾಸ್ ವಾಸನೆ ಬರ್ತಿದೆ ಅಂತ ಹೇಗೆ ಹೇಳೋದು? ನಾಲಿಗೆ ತುದಿಗೆ ಬಂದ ಮಾತನ್ನ ನುಂಗಿಕೊಂಡು, ಮರ್ಯಾದೆಯ ಪದ ಹಾಕಿದೆ.

"ದೇರ್ ಈಸ್ ಪೆಟ್ರೋಲ್ ಸ್ಮೆಲ್ ಇನ್ ಮೈ ಕಾರ್."

ಆ ಕಡೆ ಕೀಬೋರ್ಡು ಟಕಟಕ ಅಂತು. "ತುಂಬಾ ಜೋರಾಗಿದೆಯಾ?"

"ತುಂಬಾ."

"ಹಿಂದಿನ ಸೀಟಿನ ಕಡೆಯಾ?"

"ಹೌದು ಹೌದು, ಹಿಂದೆಯೇ ಜಾಸ್ತಿ." ಅಬ್ಬ, ಕೊನೆಗೂ ಒಬ್ಬ ತಿಳಿದವನು ಸಿಕ್ಕ ಅಂತ ನನಗೆ ಹಾಲು ಕುಡಿದಷ್ಟು ಸಂತೋಷ.

"ನಾಯಿ ಇದೆಯಾ? ಬೆಕ್ಕಾ?"

ಈ ಜನ ನಾಯಿ ಬೆಕ್ಕುಗಳ ಯೋಗಕ್ಷೇಮ ವಿಚಾರಿಸದೆ ಮಾತೇ ಮುಗಿಸಲ್ಲ ಅಂತ ಗೊತ್ತಿತ್ತು. ನಮ್ಮ ಮನೇಲಿ ಎರಡೂ ಇಲ್ಲ ಅಂದೆ.

"ಹಾಗಾದರೆ ಹಿಂದಿನ ಓನರಿಂದ ಬಂದದ್ದು" ಅಂದ. ಇರಬಹುದು ಅಂದೆ. ರೀಕಾಲಿನ ಪತ್ರ ಬಂದಿದೆ ಅಂತಲೂ ಹೇಳಿದೆ. ಆ ಪಾರ್ಟು ಬ್ಯಾಕ್ ಆರ್ಡರಿನಲ್ಲಿದೆ ಮ್ಯಾಮ್, ಬಂದಾಗ ತಿಳಿಸ್ತೀವಿ, ಈ ವಾಸನೆಗೆ ಮಾತ್ರ ಗುರುವಾರ ಕಾರು ತಂದುಬಿಡಿ ಅಂದ. ಎರಡೂ ಒಂದೇ ಅಲ್ವಾ ಅಂತ ಕೇಳೋದರೊಳಗೆ ಒಳ್ಳೆಯ ದಿನವಾಗಲಿ ಅಂತ ಹರಸಿ ಇಟ್ಟೇಬಿಟ್ಟ.

ಗುರುವಾರ ಬೆಳಿಗ್ಗೆ ಕಾರು ಬಿಟ್ಟು, ಆ ಒಂದು ದಿನಕ್ಕೆ ಅಂತ ಅವರು ಕೊಟ್ಟ ಕಾರಿನಲ್ಲಿ ಆಫೀಸಿಗೆ ಹೋಗಿ, ಸಂಜೆ ತರೋಕೆ ಹೋದರೆ ಕಾರು ಥಳಥಳ ಹೊಳೀತಿದೆ. ಒಳಗೆ ಸೀಟೆಲ್ಲ ಒದ್ದೆ. ಕನ್ನಡಿಗೆ ಪೈನ್ ಮರದ ಆಕಾರದ ಒಂದು ಸುಗಂಧದ ರಟ್ಟು ತೂಗುಹಾಕಿದ್ದಾರೆ. ಎಲ್ಲಾ ಸರಿಹೋಗಿದೆ ಮ್ಯಾಮ್ ಅಂದರು. ನಾನು ಪೆದ್ದಿ, ಪೆಟ್ರೋಲು ಸೀಟಿಗೂ ಸೋರಿತ್ತೇನೋ, ತೊಳೆದಿದ್ದಾರೆ ಪಾಪ ಅಂದುಕೊಂಡು ಥ್ಯಾಂಕ್ಸ್ ಹೇಳಿ ಬಂದೆ. ಮೂರು ದಿನ ಪರವಾಗಿರಲಿಲ್ಲ. ಭಾನುವಾರ ಇವರು ದಿನಸಿಗೆ ಹೋಗಿದ್ದಾಗ ಟ್ಯಾಂಕ್ ತುಂಬಿಸಿಕೊಂಡು ಬಂದರು. ಸೋಮವಾರ ಮತ್ತೆ ಶುರು. ಈಗ ಪೆಟ್ರೋಲಿನ ಜೊತೆ ಪೈನೂ ಸೇರಿ, ಯಾರೋ ಕಾಡಿಗೆ ಬೆಂಕಿ ಇಡೋಕೆ ಹೊರಟ ಹಾಗಿತ್ತು. ಸೇತುವೆಯ ಮಧ್ಯದಲ್ಲಿ ನಿಲ್ಲಿಸೋ ಹಾಗೂ ಇಲ್ಲ. ಊಟದ ಡಬ್ಬಿಯ ಚೀಲಕ್ಕೇ ವಾಂತಿ ಮಾಡಿದೆ.

ಮತ್ತೆ ಫೋನು, ಮತ್ತೆ ಗುರುವಾರ, ಮತ್ತೆ ಶಾಂಪೂ. ಈ ಸಲ ಕಾಲಡಿಯ ಮ್ಯಾಟುಗಳನ್ನೂ ಹೊಸದು ಹಾಕಿದ್ದರು. "ಪರೀಕ್ಷಿಸಿದೆವು, ವಾಸನೆ ಕಂಡುಬರಲಿಲ್ಲ" ಅಂತ ಒಂದು ಚೀಟಿ ಕೊಟ್ಟರು. ರೀಕಾಲಿನ ಪಾರ್ಟು? ಬ್ಯಾಕ್ ಆರ್ಡರು ಮ್ಯಾಮ್. ಪ್ರತಿ ವಾರ ಕೇಳಿದೆ. ಹಡಗಿನಲ್ಲಿದೆ ಅಂದರು ಒಂದು ವಾರ. ಮುಂದಿನ ವಾರ ಹಡಗಿನಿಂದ ಇಳಿದಿದೆ, ನಮಗೆ ಬಂದಿಲ್ಲ ಅಂದರು. ಅದರ ಮುಂದಿನ ವಾರ ಫೋನೆತ್ತಿದವಳಿಗೆ ಹಡಗಿನ ವಿಷಯವೇ ಗೊತ್ತಿರಲಿಲ್ಲ. ನನ್ನ ಪಿತ್ತ ನೆತ್ತಿಗೇರಿ ಫೋನ್ ಕುಕ್ಕಿದ ರಭಸಕ್ಕೆ ಗೋಡೆಯ ಕ್ಯಾಲೆಂಡರು ಬಿತ್ತು.

"ಸುಮ್ನೆ ಬಿಪಿ ಏರಿಸ್ಕೋಬೇಡ. ಎರಡು ಸಲ ನೋಡಿದಾರಲ್ಲ, ಇದ್ದಿದ್ರೆ ಅವರಿಗೆ ಗೊತ್ತಾಗ್ತಿರ್ಲಿಲ್ವಾ?" ಅಂತ ಇವರು.

"ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ?"

"ಸುಳ್ಳು ಅಂತ ಯಾರಂದ್ರು? ನಿಂಗೆ ಹಾಗೆ ಅನ್ನಿಸ್ತಿದೆ ಅಷ್ಟೇ."

ಅನ್ನಿಸ್ತಿದೆ! ಆ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯ್ತು. ಎರಡು ದಿನ ಮಾತು ಬಿಟ್ಟೆ. ಆದರೂ ಸೋಮವಾರ ಬೆಳಿಗ್ಗೆ ಕಾರು ಹತ್ತಿ ಹೋದೆ. ಆಫೀಸಿನಲ್ಲಿ ಪ್ರತಿ ಶುಕ್ರವಾರ ಒಬ್ಬಿಬ್ಬರು ರಟ್ಟಿನ ಡಬ್ಬದಲ್ಲಿ ತಮ್ಮ ಸಾಮಾನು ತುಂಬಿಕೊಂಡು ಹೊರಡ್ತಿದ್ದರು. ರಜೆ ಕೇಳುವ ಧೈರ್ಯ ಯಾರಿಗಿತ್ತು?

ನನ್ನ ಕೆಲಸವೇ ತಪ್ಪು ಹುಡುಕೋದು. ಬೇರೆಯವರು ಬರೆದ ಪ್ರೋಗ್ರಾಮನ್ನ ಟೆಸ್ಟ್ ಮಾಡಿ, ಎಲ್ಲಿ ಕೈಕೊಡತ್ತೆ ಅಂತ ಬರೆದು ಕಳಿಸಬೇಕು. ಬರೆದವರು, ನಮ್ಮ ಹತ್ತಿರ ಹಾಗೆ ಆಗ್ತಿಲ್ಲ ಅಂತ ವಾಪಸ್ ಕಳಿಸ್ತಾರೆ. ಆಗ ನಾವು ಕೂತು, ಏನು ಮಾಡಿದರೆ ತಪ್ಪು ಖಂಡಿತ ಕಾಣಿಸತ್ತೆ ಅಂತ ಹೆಜ್ಜೆ ಹೆಜ್ಜೆಯಾಗಿ ಬರೆದುಕೊಡಬೇಕು. ದಿನಾ ಇದನ್ನೇ ಮಾಡೋ ನನಗೆ ಕಾರಿನ ವಿಷಯದಲ್ಲಿ ಬುದ್ಧಿ ಓಡಿದ್ದು ಏಳನೇ ತಿಂಗಳಲ್ಲಿ. ವಾಸನೆ ಸೋಮವಾರ, ಮಂಗಳವಾರ ಜೋರು, ಬುಧವಾರ ಕಮ್ಮಿ, ಗುರುವಾರ ಏನೂ ಇಲ್ಲ. ಟ್ಯಾಂಕು ತುಂಬೋದು ಭಾನುವಾರ. ಬಿರುಕು ಇರೋದು ಟ್ಯಾಂಕಿನ ತಲೆಯ ಮೇಲೆ. ತುಂಬಿದ್ದಾಗ ಮಾತ್ರ ಹೊರಗೆ ಬರತ್ತೆ! ನಾನೋ ಪ್ರತಿ ಸಲವೂ ಅರ್ಧ ಖಾಲಿಯಾದ ಟ್ಯಾಂಕಿನ ಜೊತೆ ಗುರುವಾರ ಹೋಗ್ತಿದ್ದೆ.

ಇಷ್ಟು ಲೆಕ್ಕ ಹಾಕಿದರೂ ಒಳಗೊಳಗೇ ಅಳುಕು. ನಿಜವಾಗಲೂ ನನ್ನ ಮೂಗೇ ಕೆಟ್ಟಿದ್ದರೆ? ಆ ಅಳುಕು ಬಿಡಿಸಿದವರು ಕೆಳಗಿನ ಮನೆಯ ಅಜ್ಜಿ. ಧಾರವಾಡದ ಕಡೆಯವರು, ಮಗಳ ಮನೆಗೆ ಆರು ತಿಂಗಳಿಗೆ ಅಂತ ಬಂದಿದ್ದರು. ಒಂದು ಸೋಮವಾರ ಬೆಳಿಗ್ಗೆ, ಅವರನ್ನ ದಾರಿಯಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಇಳಿಸಿಬಿಡ್ತೀಯಾ ಅಂತ ಅವರ ಮಗಳು ಕೇಳಿದ್ದಳು. ಅಜ್ಜಿ ಸೀರೆ ನೆರಿಗೆ ಹಿಡಿದುಕೊಂಡು ಸೀಟಿನ ಮೇಲೆ ಕೂತರು. ಕೂತವರು ಕೂತ ಹಾಗೇ ಇಳಿದರು.

"ಏನವಾ ಇದು, ಗಾಡ್ಯಾಗ ಈ ಪರಿ ಪೆಟ್ರೋಲ್ ವಾಸನಿ ಹೊಡೀಲಿಕತ್ತೇತಿ?"

ನನಗೆ ಕಿವಿಯನ್ನ ನಂಬೋಕಾಗಲಿಲ್ಲ. "ನಿಮಗೂ ಬರ್ತಿದೆಯಾ ಅಜ್ಜಿ? ಎಲ್ಲರೂ ಬಸುರಿ ಮೂಗು ಅಂತಾರೆ."

"ಯಾಂವ ಅಂದಾಂವ? ನಾ ಏನ್ ಬಸರಿ ಇದ್ದೀನೇನು ಈ ವಯಸ್ಸಿನ್ಯಾಗ? ನನಗೂ ಹೊಡೀಲಿಕತ್ತೇತಲ್ಲ!" ಅಂತ ಅಜ್ಜಿ ಸೊಂಟದ ಮೇಲೆ ಕೈಯಿಟ್ಟರು. "ನಮ್ಮನ್ಯಾಗ ಇಂಜಿನ್ನಿನ ಹಿಟ್ಟಿನ ಗಿರಣಿ ಇತ್ತು. ಎಣ್ಣಿ ಸೋರೂದು ನನಗ ಗೊತ್ತಾಗೂದಿಲ್ಲೇನು? ನೀನೂ ಇಳೀ ಮೊದಲ. ಹಲ್ಲು ಬಿದ್ದರ ಬೀಳಲಿ, ನಾ ಇದರಾಗ ಬರೂದಿಲ್ಲ."

ಆ ಪಾರ್ಕಿಂಗ್ ಲಾಟಿನಲ್ಲಿ ಅಜ್ಜಿಯ ಹೆಗಲ ಮೇಲೆ ತಲೆಯಿಟ್ಟು ಗಳಗಳ ಅತ್ತೆ. ಪಾಪ, ಅವರಿಗೆ ಯಾಕೆ ಅಳ್ತಿದೀನಿ ಅಂತಲೂ ಗೊತ್ತಾಗಲಿಲ್ಲ. ಹಲ್ಲಿನ ಡಾಕ್ಟರಿಗೆ ಬರಲ್ಲ ಅಂದದ್ದಕ್ಕೆ ಬೇಜಾರಾಯ್ತೇನೋ ಅಂದುಕೊಂಡು, ಬೆನ್ನು ಸವರಿ, ನಾಳೆ ಹೋದರಾತು ಬಿಡವಾ ಅಂದರು.

ಆಫೀಸಿಗೆ ಫೋನ್ ಮಾಡಿ, ಅರ್ಧ ದಿನ ತಡ ಆಗತ್ತೆ ಅಂತ ಮೊದಲ ಸಲ ಹೇಳಿದೆ. ಕಿಟಕಿ ನಾಲ್ಕೂ ಇಳಿಸಿಕೊಂಡು ವಾಲ್ನಟ್ ಕ್ರೀಕಿಗೆ ಹೊರಟೆ. ಡೀಲರ ಎದುರಿನ ಬಂಕಿನಲ್ಲಿ ನಿಂತು, ಟ್ಯಾಂಕಿಗೆ ಇನ್ನು ಹನಿಯೂ ಹಿಡಿಯಲ್ಲ ಅನ್ನೋವರೆಗೆ ತುಂಬಿಸಿದೆ. ಇವತ್ತು ವಾಸನೆ ಕಂಡುಬರಲಿಲ್ಲ ಅನ್ನಲಿ ನೋಡೋಣ ಅಂತ ಹಲ್ಲು ಕಚ್ಚಿಕೊಂಡು ಒಳಗೆ ಹೋದೆ.

ಕೌಂಟರಿನಲ್ಲಿದ್ದವನು ಅದೇ ಫೋನಿನ ದನಿಯವನು. ಅರ್ಧ ತೋಳಿನ ಶರ್ಟು, ಟೈ, ತುಂಬಾ ಒಳ್ಳೆಯ ನಗು. ಕಂಪ್ಯೂಟರಿನ ಪರದೆ ನೋಡಿ, "ಮತ್ತೆ ಅದೇ ತೊಂದರೆನಾ ಮ್ಯಾಮ್? ಎರಡು ಸಲ ಶಾಂಪೂ ಮಾಡಿದ್ದೀವಿ. ಇನ್ನು ಸೀಟಿನ ಬಟ್ಟೆಯನ್ನೇ ಬದಲಾಯಿಸಬೇಕಾಗಬಹುದು" ಅಂದ.

"ಪೆಟ್ರೋಲ್ ಸೋರಿದರೆ ಸೀಟಿನ ಬಟ್ಟೆ ಯಾಕೆ ಬದಲಾಯಿಸ್ತೀರಿ?"

ಅವನ ನಗು ಅಲ್ಲೇ ನಿಂತಿತು. ಪರದೆಯನ್ನ ನನ್ನ ಕಡೆ ತಿರುಗಿಸಿದ. ನನ್ನ ಹೆಸರಿನ ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಹಿಂದಿನ ಸೀಟಿನಲ್ಲಿ ಸ್ಟ್ರಾಂಗ್ ಪೆಟ್ ಓಡರ್. ಅಂದರೆ ಸಾಕುಪ್ರಾಣಿಯ ಗಬ್ಬು ವಾಸನೆ. ನಾನು ಮಂಡ್ಯದ ಬಾಯಲ್ಲಿ ಪೆಟ್ರೋಲ್ ಅಂದದ್ದರಲ್ಲಿ ಅವನ ಕಿವಿಗೆ ಬಿದ್ದದ್ದು ಪೆಟ್ ಒಂದೇ. ನಾಯಿ ಇದೆಯಾ ಬೆಕ್ಕಾ ಅಂತ ಅವನು ಕೇಳಿದ್ದು ಯೋಗಕ್ಷೇಮಕ್ಕಲ್ಲ. ಎರಡು ತಿಂಗಳು ನಾನು ಬೆಂಕಿಯ ಮೇಲೆ ಕೂತು ಸೇತುವೆ ದಾಟ್ತಿದ್ದರೆ, ಡೀಲರಿನವರು ಇಲ್ಲದ ನಾಯಿಯ ಕೂದಲು ಹುಡುಕಿ ಸೀಟು ತೊಳೀತಿದ್ದರು.

"ಪೆಟ್ ಅಲ್ಲ ಕಣಯ್ಯಾ, ಪೆಟ್ರೋಲ್!" ಅಂತ ಕನ್ನಡದಲ್ಲೇ ಕೂಗಿದೆ. ಅವನು ಪೆಟ್ ರೋಲ್ ಅಂದರೇನು ಅನ್ನೋ ಹಾಗೆ ಹುಬ್ಬು ಗಂಟಿಕ್ಕಿದ. ಇನ್ನು ನಾಚಿಕೆ ಯಾವ ಸುಡುಗಾಡಿಗೆ? "ಗ್ಯಾಸ್! ಗ್ಯಾಸ್! ಗ್ಯಾಸ್!" ಅಂತ ಕೌಂಟರು ಕುಟ್ಟಿದೆ. ಕಾಯ್ತಾ ಕೂತಿದ್ದವರೆಲ್ಲ ಪೇಪರು ಇಳಿಸಿ, ಏಳು ತಿಂಗಳ ಬಸುರಿಯನ್ನ ನೋಡಿದರು. ಒಬ್ಬ ಮುದುಕ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ.

ಕಾರನ್ನ ಮೇಲಕ್ಕೆತ್ತಿದ ಮೆಕ್ಯಾನಿಕ್ ಹತ್ತು ನಿಮಿಷದಲ್ಲಿ ವಾಪಸ್ ಬಂದ. ಕೈ ಒರೆಸಿಕೊಂಡ ಬಟ್ಟೆಯನ್ನ ನನ್ನಿಂದ ದೂರ ಹಿಡಿದುಕೊಂಡೇ, ದಿನಾ ಎಷ್ಟು ದೂರ ಓಡಿಸ್ತಿದ್ರಿ ಅಂತ ಕೇಳಿದ. ಹೇಳಿದೆ. ಅವನು ನನ್ನ ಹೊಟ್ಟೆ ನೋಡಿದ. ನಗಲಿಲ್ಲ. ಟ್ಯಾಂಕಿನ ಮೇಲೆಲ್ಲ ಹಸಿಯಾಗಿದೆ, ಇಂಧನ ಕೊಳವೆಯ ಪಕ್ಕದ ವೈರಿನವರೆಗೂ ಇಳಿದಿದೆ, ಈ ಕಾರು ಇಲ್ಲಿಂದ ಅಲ್ಲಾಡಬಾರದು ಅಂದ. ಟೈಯವನು ಮೂರು ಸಲ ಸಾರಿ ಹೇಳಿದ. ಪಾರ್ಟು ಮಾತ್ರ ಇನ್ನೂ ಬಂದಿರಲಿಲ್ಲ. ಅದು ಯಾವಾಗ ಬಂತು ಅಂತೀರಿ? ಮಗಳು ಹುಟ್ಟಿ, ಅವಳ ನಾಮಕರಣ ಆದ ಮೇಲೆ. ಅಲ್ಲಿವರೆಗೆ ಅಂತ ಕೊಟ್ಟದ್ದು ಒಂದು ಕೆಂಪು ಪಿಕಪ್ ಟ್ರಕ್ಕು. ಅವತ್ತು ಅವರ ಹತ್ತಿರ ಉಳಿದಿದ್ದದ್ದು ಅದೊಂದೇ. ಮೆಕ್ಯಾನಿಕ್ ಒಂದು ಮೆಟ್ಟಿಲು ತಂದಿಟ್ಟು ನನ್ನನ್ನ ಹತ್ತಿಸಿದ. ಏದುಸಿರು ಬಿಡ್ತಾ ಹತ್ತಿ ಕೂತು, ನೇರ ಸ್ಯಾನ್ ಮಟಿಯೋಕ್ಕೆ ಹೋಗಿ, ಕೆಲಸ ಮುಗಿಸಿಯೇ ಸಂಜೆ ಮನೆಗೆ ಬಂದೆ.

ಇವರು ಬೀನ್ಸ್ ಹೆಚ್ಚುತ್ತಾ ನಿಂತಿದ್ದರು. ಬಾಗಿಲಲ್ಲೇ ಶುರು ಮಾಡಿದೆ. ಅಜ್ಜಿ ಸೊಂಟದ ಮೇಲೆ ಕೈಯಿಟ್ಟದ್ದು, ಪೆಟ್ ಓಡರು, ಕೌಂಟರು ಕುಟ್ಟಿದ್ದು, ಮುದುಕ ಕುರ್ಚಿ ಬಿಟ್ಟದ್ದು, ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಗೆದ್ದು ಬಂದ ಖುಷಿ ನನಗೆ. ಬಿದ್ದು ಬಿದ್ದು ನಗ್ತಾರೆ, ಆಮೇಲೆ ತಪ್ಪಾಯ್ತು ಮಾರಾಯ್ತಿ ಅಂತಾರೆ ಅಂತ ಕಾದೆ. ವೈರಿನವರೆಗೆ ಪೆಟ್ರೋಲು ಇಳಿದಿತ್ತಂತೆ ಅಂದಾಗ ಇವರ ಚಾಕು ನಿಂತಿತು.

"ನಂಗೂ ಬರ್ತಿತ್ತು ಕಣೇ" ಅಂದರು.

"ಏನು?"

"ವಾಸನೆ."

"ಯಾವಾಗಿಂದ?"

"ಮೊದಲ್ನೇ ದಿನದಿಂದ್ಲೂ."

ಕುರ್ಚಿ ಎಳೆದುಕೊಂಡು ಕೂತೆ. ಇವರು ನನ್ನ ಕಡೆ ತಿರುಗಲಿಲ್ಲ, ಬೀನ್ಸಿನ ಹಲಗೆಗೇ ಹೇಳ್ತಿದ್ದರು. "ಬೇರೆ ಕಾರು ತಗೊಳ್ಳೋ ಶಕ್ತಿ ಇರ್ಲಿಲ್ಲ. ಇದೆ ಅಂದ್ರೆ ನೀನು ಹೆದರ್ಕೊಂಡು ಹೋಗೋದೇ ಬಿಟ್ಬಿಡ್ತೀಯ ಅನ್ನಿಸ್ತು. ಬಿಟ್ರೆ ಹೆರಿಗೆಗೆ ಏನ್ ಮಾಡೋದು? ಮಗೂಗೆ ಏನ್ ಮಾಡೋದು? ಡೀಲರ್ ನೋಡ್ತಾನಲ್ಲ, ಅವನೇ ಹೇಳ್ತಾನೆ ಅಂದ್ಕೊಂಡೆ. ಅವನೂ ಇಲ್ಲ ಅಂದ್ಮೇಲೆ, ಏನೂ ಆಗಲ್ವೇನೋ ಅಂತ ನನಗೆ ನಾನೇ ಹೇಳ್ಕೊಂಡೆ."

ನನ್ನ ಬಾಯಿಗೆ ಏನೇನು ಬಂತೋ ಎಲ್ಲ ಅಂದೆ. ಮಗು ನಿಮ್ಮದೂ ಅಲ್ವೇನ್ರೀ ಅಂದೆ. ಸೇತುವೆ ಮೇಲೆ ನಾನು ಸುಟ್ಟುಹೋಗಿದ್ದರೆ ಇನ್ಶೂರೆನ್ಸ್ ಇಟ್ಕೊಂಡು ಏನ್ ಮಾಡ್ತಿದ್ರಿ ಅಂದೆ. ಬೈದು ಬೈದು ದಣಿದ ಮೇಲೆ ನನಗೇ ಒಂದು ವಿಷಯ ಹೊಳೀತು, ಅದನ್ನ ಹೇಳೋಕೆ ಹೋದಾಗ ನನ್ನ ದನಿ ಸಣ್ಣದಾಗಿಬಿಟ್ಟಿತ್ತು.

"ರೀ, ನೀವು ವಾಸನೆ ಇದೆ, ಆದ್ರೂ ಹೋಗ್ಲೇಬೇಕು ಕಣೇ, ನಮಗೆ ಬೇರೆ ದಾರಿ ಇಲ್ಲ ಅಂದಿದ್ರೆ ನಾನು ಹೋಗ್ತಿದ್ದೆ. ಖಂಡಿತ ಹೋಗ್ತಿದ್ದೆ. ಅಷ್ಟೂ ದಿನ ನನಗೆ ತಲೆ ಕೆಟ್ಟಿದೆ ಅಂದ್ಕೊಂಡು ಹೋದ್ನಲ್ಲ."

ಇವರು ಈಗ ತಿರುಗಿದರು. ಕಣ್ಣು ಕೆಂಪಗಾಗಿತ್ತು. "ಹೋಗು ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ" ಅಂದರು.

"ವಾಸನೆ ಇಲ್ಲ ಅನ್ನೋಕೆ ಬಂತಲ್ಲ" ಅಂದೆ.